ಮಡಿಸಿಟ್ಟ ಬಟ್ಟೆ

ಆ ಲಾಂಡ್ರಿಯಲ್ಲಿ ಯಾವ ಬಟ್ಟೆಯನ್ನು ಯಾರು ಮಡಿಸಿದರು ಎಂದು ಕೇಳಬೇಕಾಗಿರಲಿಲ್ಲ, ಮಡಿಕೆಯೇ ಹೇಳುತ್ತಿತ್ತು. ಅವಸರದವರ ಮಡಿಕೆಗೆ ಅಂಚು ತಪ್ಪಿರುತ್ತಿತ್ತು. ಸೋಮಾರಿಗಳ ಮಡಿಕೆ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತಿತ್ತು. ಮೇಸ್ತ್ರಿಯದು ಮಾತ್ರ ಬೇರೆ. ಎಲ್ಲರೂ ಎರಡಾಗಿ ಮಡಿಸಿದರೆ ಅವನು ಮೂರಾಗಿ ಮಡಿಸಿ, ತುದಿಯನ್ನು ಒಳಗೆ ಸೇರಿಸಿ, ಹೆಬ್ಬೆರಳ ಉಗುರಿನಿಂದ ಮೇಲೊಂದು ಗೆರೆ ಎಳೆಯುತ್ತಿದ್ದ. ತುಟಿ ಬಿಗಿದುಕೊಂಡ ಬಾಯಿಯ ಹಾಗೆ ಕಾಣುವ ಆ ಮಡಿಕೆಗೆ ‘ಮೇಸ್ತ್ರಿ ಮಡಿಕೆ’ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಅಣಕಿಸಲು ಹೋಗಿ ಸೋತು ಬಿಟ್ಟುಬಿಡುತ್ತಿದ್ದರು.

ಅದು ಅವನಿಗೆ ಅಮ್ಮನಿಂದ ಬಂದದ್ದು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಚರ್ಚಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಪದ ಕಟ್ಟಿ ನೆನಪಿಟ್ಟುಕೊಳ್ಳುತ್ತಿದ್ದಳು. ಒಗೆದ ಬಟ್ಟೆಯ ರಾಶಿಯ ಮುಂದೆ ಕಾಲು ಚಾಚಿ ಕೂತು, ಯೇಸುವಿನ ಬರಿದಾದ ಸಮಾಧಿಯ ಪದವನ್ನು ಯಾರಿಗೂ ಅಲ್ಲದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು:

ಕಲ್ಲು ಸರಿದಿತ್ತಮ್ಮ, ಬೆಳ್ಳಿ ಮೂಡಿತ್ತಮ್ಮ
ಎಲ್ಲಿ ಹೋದನು ನನ್ನೊಡೆಯ, ತಲೆವಸ್ತ್ರ
ಅಲ್ಲೆ ಮಡಿಚಿತ್ತು ಬೇರಾಗಿ

‘ಬೇರಾಗಿ’ ಎನ್ನುವಾಗ ಉಗುರಿನ ಗೆರೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮಗನ ಕೈ ಆ ಮಡಿಕೆಯನ್ನು ಕಲಿತದ್ದು ಪದದ ಜೊತೆಗೇ. ಈಗಲೂ ಬಟ್ಟೆ ಕೈಗೆ ಬಂದರೆ ಪದ ಒಳಗೊಳಗೇ ಓಡುತ್ತಿತ್ತು, ಕೈ ಅದರ ಹಿಂದೆ ತಾನಾಗಿ ಹೋಗುತ್ತಿತ್ತು. ಕೈಗೆ ಅವನ ಅಪ್ಪಣೆ ಬೇಕಿರಲಿಲ್ಲ.

ಲಾಂಡ್ರಿಗೆ ಬರುತ್ತಿದ್ದದ್ದು ಹೆಚ್ಚಾಗಿ ಆಸ್ಪತ್ರೆಯ ಬಟ್ಟೆ. ಇಸ್ತ್ರಿ ಯಂತ್ರವೆಂದರೆ ಹಬೆಯಿಂದ ಕಾದ, ಮಂಚದಷ್ಟು ಅಗಲದ ಉರುಳೆ. ಒದ್ದೆ ಹಾಸುಬಟ್ಟೆಯನ್ನು ಈ ಕಡೆಯಿಂದ ಊಡಿಸಿದರೆ ಆ ಕಡೆಯಿಂದ ಒಣಗಿ ನೆಟ್ಟಗಾಗಿ ಬರುತ್ತದೆ. ಉರುಳೆಯ ಬಾಯಿಗೆ ಅಡ್ಡವಾಗಿ ಒಂದು ತಡೆಕೋಲು. ಬೆರಳು ತಾಗಿದರೆ ಸಾಕು, ಅದು ಮೇಲೆದ್ದು ಯಂತ್ರ ನಿಂತುಬಿಡುತ್ತದೆ. ತೊಂದರೆಯೆಂದರೆ, ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತದೆ. ನಿಂತರೆ ಬಟ್ಟೆಯ ಮೇಲೆ ಕಂದು ಬರೆ ಬೀಳುತ್ತದೆ, ಬರೆ ಬಿದ್ದದ್ದನ್ನು ಆಸ್ಪತ್ರೆಯವರು ಮುಖಕ್ಕೆ ಎಸೆದ ಹಾಗೆ ವಾಪಸ್ ಕಳಿಸುತ್ತಾರೆ. ಅದಕ್ಕೇ ಕೆಲಸ ಒತ್ತಿಕೊಂಡು ಬಂದಾಗ, ಹಳೆಯ ಹಾಸುಬಟ್ಟೆಯ ಅಂಚಿನಿಂದ ಒಂದು ಪಟ್ಟಿ ಹರಿದು ತಡೆಕೋಲನ್ನು ಕಟ್ಟಿಹಾಕುವುದು ಮೇಸ್ತ್ರಿಯಿಂದ ಮೇಸ್ತ್ರಿಗೆ ಬಂದ ಪದ್ಧತಿ. ಮ್ಯಾನೇಜರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಗೊತ್ತಿತ್ತು.

ಆ ವಾರ ಬಟ್ಟೆ ಊಡಿಸುವವನು ಜ್ವರ ಎಂದು ಮಲಗಿದ. ಮೇಸ್ತ್ರಿ ತನ್ನ ಹೆಂಡತಿಯ ತಮ್ಮನನ್ನು ಒಣಗಿಸುವ ಕೋಣೆಯಿಂದ ಕರೆಸಿದ. ಬಾಮೈದ ಆ ಯಂತ್ರದ ಹತ್ತಿರ ಹೋದವನೇ ಅಲ್ಲ.

“ಭಾವ, ಕೈ ಒಳಗೆ ಹೋದ್ರೆ?” ಎಂದು ಕೇಳಿದ್ದ.

“ತಡೆಕೋಲು ಇರೋದು ಯಾಕೆ ಮತ್ತೆ, ನಿನ್ನ ಮದುವೆಗೆ ತೋರಣ ಕಟ್ಟೋಕಾ? ತಾಗಿದ್ರೆ ನಿಲ್ಲುತ್ತೆ, ಹೋಗು.”

ಮಾರನೆಯ ಬೆಳಿಗ್ಗೆ ಬಾಮೈದ ಇನ್ನೂ ಏಪ್ರನ್ ಹಾಕಿಕೊಳ್ಳುತ್ತಿದ್ದಾಗ, ದಪ್ಪ ಹಾಸುಗಳ ರಾಶಿ ನೋಡಿ ಮೇಸ್ತ್ರಿ ತಡೆಕೋಲನ್ನು ಕಟ್ಟಿದ. ಅವನಿಗೆ ಹೇಳಬೇಕು ಎಂದುಕೊಂಡ. ಅಷ್ಟರಲ್ಲಿ ಬಾಯ್ಲರಿನ ಗಂಟೆ ಹೊಡೆಯಿತು. ಬಂದು ಹೇಳಿದರಾಯಿತು ಎಂದು ಹೋದ.

ಬಂದಾಗ ಹೇಳುವುದಕ್ಕೇನೂ ಉಳಿದಿರಲಿಲ್ಲ. ಕೂಗು ಕೇಳಿ ಓಡಿಬಂದು ಯಂತ್ರ ನಿಲ್ಲಿಸಿದವನು ಅವನೇ. ಬಾಮೈದನ ಬಲಗೈಯನ್ನು ಬಿಡಿಸಿದವನೂ ಅವನೇ. ನಾಲ್ಕು ಜನ ಎತ್ತಿಕೊಂಡು ಹೋದರು. ಖಾಲಿಯಾದ ಕೋಣೆಯಲ್ಲಿ ಉರುಳೆ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಮೇಸ್ತ್ರಿ ಪಟ್ಟಿಯನ್ನು ಬಿಚ್ಚಿದ. ಬಿಚ್ಚಿ ಚಿಂದಿಯ ಡಬ್ಬಕ್ಕೆ ಎಸೆದೆ ಎಂದೇ ಅವನ ನೆನಪು.

ಮ್ಯಾನೇಜರು ಸಂಜೆ ಕರೆದು ಕೇಳಿದರು. “ತಡೆಕೋಲು ನೋಡಿಸಿದ್ವಿ, ಸರಿಯಾಗೇ ಇದೆ. ಹಾಗಾದ್ರೆ ಯಾರೋ ಕಟ್ಟಿರಬೇಕು. ಬೇಗ ಮುಗಿಸೋ ಆಸೆಗೆ ಅವನೇ ಕಟ್ಟಿಕೊಂಡಿರ್ತಾನೆ, ಅಲ್ವಾ? ನೀವೇನಾದ್ರೂ ನೋಡಿದ್ರಾ?”

“ನಾನು ಬಾಯ್ಲರ್ ಹತ್ರ ಇದ್ದೆ ಸರ್.”

ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮುಳ್ಳಿನ ಹಾಗೆ ಚುಚ್ಚಿದ್ದು ಅದೇ.

ಆಮೇಲೆ ಕೇಳಿದವಳು ಹೆಂಡತಿ. ತಟ್ಟೆಗೆ ಅನ್ನ ಬಡಿಸಿ, ಸೌಟನ್ನು ಕೈಯಲ್ಲೇ ಹಿಡಿದು ನಿಂತಳು. “ರೀ, ನನ್ನ ತಮ್ಮ ತುಂಟ ಹೌದು, ಪೆದ್ದ ಅಲ್ಲ. ಗೊತ್ತಿಲ್ಲದ ಮಿಷಿನ್ನಿಗೆ ತಾನೇ ಕೈಹಾಕಿ ಕಟ್ಟೋನಲ್ಲ. ನೀವು ಅಲ್ಲೇ ಇದ್ರಿ ತಾನೆ?”

“ಬಾಯ್ಲರ್ ಹತ್ರ ಇದ್ದೆ ಅಂತ ಹೇಳಿದೆನಲ್ಲ.”

ಅವಳು ಸೌಟನ್ನು ಪಾತ್ರೆಗೆ ಹಾಕಿದಳು. ಸದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಒಬ್ಬಳೇ: ಕೊಳೆಬಟ್ಟೆ ವಿಂಗಡಿಸುವ ಮೇಜಿನ ಹೆಂಗಸು. ಬೆಳಿಗ್ಗೆ ಬಾಗಿಲು ತೆರೆದಾಗ ಶುರುವಾದ ಮಾತು ಬಾಗಿಲು ಹಾಕುವವರೆಗೂ ನಿಲ್ಲದ ಕಾರಣ ಅವಳಿಗೆ ‘ರೇಡಿಯೋ’ ಎಂದೇ ಹೆಸರಾಗಿತ್ತು. ಗಾಡಿ ತಳ್ಳಿಕೊಂಡು ಬರುವಾಗ ನೋಡಿದೆ, ಆ ಹುಡುಗ ಯಂತ್ರದ ಹತ್ತಿರ ಬರುವ ಮೊದಲೇ ತಡೆಕೋಲಿಗೆ ಬಟ್ಟೆ ಕಟ್ಟಿತ್ತು ಎಂದು ಅವಳು ಮ್ಯಾನೇಜರ ಮುಂದೆ ನಿಂತು ಹೇಳಿದಳು.

“ರೇಡಿಯೋ, ಸ್ಟೇಷನ್ ಬದಲಾಯಿಸು” ಎಂದರು ಮ್ಯಾನೇಜರು. ಸುತ್ತ ಇದ್ದವರು ನಕ್ಕರು. ಮೇಸ್ತ್ರಿಯೂ ಅಲ್ಲೇ ಇದ್ದ. ಅವನ ತುಟಿಯೂ ಸ್ವಲ್ಪ ಅಗಲವಾಯಿತು.

ಸೋಮವಾರ ಸುರಕ್ಷತೆಯ ಅಧಿಕಾರಿ ಬರುವುದಿತ್ತು. ಅಂದು ತಪ್ಪು ಬಾಮೈದನದೇ ಎಂದು ತೀರ್ಮಾನವಾದರೆ ಅವನ ಕೆಲಸ ಹೋಗುತ್ತದೆ, ಕೈಯ ಚಿಕಿತ್ಸೆಯೂ ಅವನ ತಲೆಗೇ ಬರುತ್ತದೆ. ನಡುವೆ ಇದ್ದದ್ದು ಭಾನುವಾರ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಪಾಠ ಹೇಳುತ್ತಿದ್ದ. ದೊಡ್ಡವರಾದ ಮೇಲೆ ದೀಕ್ಷಾಸ್ನಾನಕ್ಕೆ ಬರುವವರಿಗೆ ಪಾದ್ರಿಗಳು ಅವನನ್ನೇ ಗೊತ್ತುಮಾಡಿದ್ದರು. ಆ ಸಲ ಇದ್ದವರು ಮೂವರು. ಮೊದಲನೆಯವನು ಕ್ಷೌರಿಕ, ಯಾವ ಮಾತಿಗೂ ಕತ್ತರಿ ಆಡಿಸುವವನು. ಎರಡನೆಯವರು ನಿವೃತ್ತ ಬಸ್ ಡ್ರೈವರು. ಪ್ರತಿ ವರ್ಷವೂ ಪಾಠಕ್ಕೆ ಬಂದು, ನೀರಿಗಿಳಿಯುವ ವಾರ ಬಂದಾಗ ಬ್ರೇಕ್ ಹಾಕಿ, ಮತ್ತೆ ಮುಂದಿನ ವರ್ಷ ಬರುತ್ತಿದ್ದರು. ಮೂರನೆಯವಳು ರೇಡಿಯೋ. ಅಂದಿನ ಪಾಠ, ಯೇಸು ಸತ್ತವರೊಳಗಿಂದ ಎದ್ದನೆಂದು ನಾವು ಯಾಕೆ ನಂಬುತ್ತೇವೆ ಎನ್ನುವುದು. ವರ್ಷವೂ ಅವನು ಕಾಯುತ್ತಿದ್ದ ಪಾಠ. ಅಂದು ಮಾತ್ರ ಬಾಗಿಲಲ್ಲೇ ಕೊಂಚ ತಡೆದು ಒಳಗೆ ಹೋದ.

“ಮೊದಲು ನೋಡಿದವರು ಹೆಂಗಸರು” ಎಂದು ಶುರುಮಾಡಿದ. “ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಕತೆ ಕಟ್ಟೋರಾಗಿದ್ರೆ ಯಾರಾದ್ರೂ ದೊಡ್ಡ ಮನುಷ್ಯನ್ನ ಸಮಾಧಿ ಹತ್ರ ನಿಲ್ಲಿಸ್ತಿದ್ರು. ಯಾರೂ ನಂಬದೇ ಇರೋರನ್ನ ಮುಂದೆ ಮಾಡಿ ಯಾರು ಸುಳ್ಳು ಹೇಳ್ತಾರೆ? ನಡೆದದ್ದು ಹಾಗೇ ಇತ್ತು, ಅದಕ್ಕೆ ಹಾಗೇ ಹೇಳಿದ್ರು.”

“ಶಿಷ್ಯರಾದ್ರೂ ನಂಬಿದ್ರಾ?” ಕ್ಷೌರಿಕ ಕೇಳಿದ.

“ಇಲ್ಲ. ತಲೆಕೆಟ್ಟ ಮಾತು ಅಂದ್ರು.”

“ಯಾವ ಸ್ಟೇಷನ್ನು ಅಂತ ಕೇಳಿದ್ರಂತೆ?” ಎಂದಳು ರೇಡಿಯೋ. ಅಂದು ಅವಳ ಬಾಯಿಂದ ಬಂದ ಮೊದಲ ಮಾತು ಅದು. ಯಾರೂ ನಗಲಿಲ್ಲ. ಮೇಸ್ತ್ರಿ ಲೋಟದ ನೀರು ಕುಡಿದ.

ಅವನು ಬೇಗಬೇಗ ಮುಂದಕ್ಕೆ ಹೋದ. ಸಮಾಧಿಯ ಒಳಗೆ ಹೆಣಕ್ಕೆ ಸುತ್ತಿದ್ದ ನಾರುಬಟ್ಟೆ ಬಿದ್ದಿತ್ತು. ತಲೆಗೆ ಕಟ್ಟಿದ ವಸ್ತ್ರ ಮಾತ್ರ ಬೇರೆ ಕಡೆ ಸುರುಳಿಯಾಗಿ ಮಡಿಸಿಟ್ಟಿತ್ತು. ಇದು ಅವನ ಜೀವದ ಮಾತು, ಅಮ್ಮನ ಮಾತು. “ಹೆಣ ಕದ್ದರು ಅಂತಾರೆ. ಹೊರಗೆ ಕಾವಲಿದೆ, ಎದೆ ಹೊಡ್ಕೊಳ್ತಿದೆ. ಅಂಥಾ ಹೊತ್ತಲ್ಲಿ ಯಾವ ಕಳ್ಳ ನಿಂತು ಬಟ್ಟೆ ಮಡಿಸ್ತಾನೆ? ಮಡಿಸೋದು ಆತುರ ಇಲ್ಲದ ಕೈ. ಯಾರಿಗೂ ಹೆದರದ ಕೈ.”

“ಅದೂ ಸರಿಯೇ” ಎಂದ ಕ್ಷೌರಿಕ. ಒಂದು ಗಳಿಗೆ ಬಿಟ್ಟು ಕತ್ತರಿ ಆಡಿಸಿದ. “ಆದ್ರೆ ಮೇಸ್ತ್ರಿ, ಆ ಕಳ್ಳ ನಿಮ್ಮ ಹಾಗೆ ಲಾಂಡ್ರಿಯವನಾಗಿದ್ರೆ? ಪಾಪ, ಹೆಣ ಹೊತ್ಕೊಂಡು ಹೋಗ್ತಾ ಇದ್ರೂ ಕೈ ಸುಮ್ಮನಿರಬೇಕಲ್ಲ.”

ಡ್ರೈವರು ಹೊಟ್ಟೆ ಕುಣಿಸಿ ನಕ್ಕರು. ಮೇಸ್ತ್ರಿಯೂ ನಕ್ಕ. ನಗುತ್ತಾ ರೇಡಿಯೋ ಕಡೆ ನೋಡಿದ. ಅವಳು ತನ್ನ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

“ನನ್ನನ್ನ ಕೇಳಿದ್ರೆ,” ಡ್ರೈವರು ಕಣ್ಣೊರೆಸಿಕೊಂಡು ಹೇಳಿದರು, “ಹೆಂಗಸರು, ಬಟ್ಟೆ, ಇದೆಲ್ಲ ವಕೀಲರ ಮಾತು. ನನಗೆ ಮುಟ್ಟೋದು ಯೇಸುವಿನ ಶಿಷ್ಯ, ಆ ಮೀನುಗಾರ. ಹೋದ ವರ್ಷ ಹೇಳಿದ್ರಲ್ಲ, ಬೆಂಕಿ ಕಾಯಿಸ್ಕೊಳ್ತಾ ನಿಂತು, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಅಂದೋನು. ಒಬ್ಬ ಕೆಲಸದವಳಿಗೆ ಹೆದರಿ, ಆಮೇಲೆ ಹೊರಗೆ ಹೋಗಿ ಅತ್ತೋನು. ಅಂಥವನು ಸ್ವಲ್ಪ ದಿನ ಬಿಟ್ಟು ಅದೇ ಊರಲ್ಲಿ, ಅದೇ ಜನದ ಮುಂದೆ ಯೇಸು ಬದುಕಿದ್ದಾನೆ ಅಂತ ಎದ್ದು ನಿಂತು ಹೇಳ್ತಾನೆ, ಹೊಡೆದ್ರೂ ಬಾಯಿ ಮುಚ್ಚಲ್ಲ. ನಾನು ಬಸ್ಸು ಓಡಿಸಿದೋನು, ಹೆದರಿದ ಮನುಷ್ಯನ್ನ ಕನ್ನಡಿಯಲ್ಲಿ ದಿನಾ ನೋಡಿದ್ದೀನಿ. ಅವನು ಸುಮ್ಮಸುಮ್ಮನೆ ತಿರುಗೋನಲ್ಲ. ಏನೋ ಕಂಡಿರಬೇಕು. ಅದನ್ನ ಈ ಸಲ ಯಾಕೆ ಬಿಟ್ರಿ?”

“ಗಂಟಲು ಸರಿ ಇಲ್ಲ” ಎಂದ ಮೇಸ್ತ್ರಿ. “ಮುಂದಿನ ವಾರ ಹೇಳ್ತೀನಿ.”

ಎಲ್ಲರೂ ಎದ್ದರು. ರೇಡಿಯೋ ಮಾತ್ರ ಉಳಿದಳು. ಚೀಲದಿಂದ ಒಂದು ಬಟ್ಟೆ ತೆಗೆದು ಬೆಂಚಿನ ಮೇಲಿಟ್ಟಳು. ಅಂಗೈಯಷ್ಟು ಅಗಲದ ಬಿಳಿ ಪಟ್ಟಿ, ಒಂದು ತುದಿಯಲ್ಲಿ ತುಕ್ಕಿನ ಕಲೆ. ಮೂರಾಗಿ ಮಡಿಸಿ, ತುದಿ ಒಳಗೆ ಸೇರಿಸಿ, ಮೇಲೊಂದು ಉಗುರಿನ ಗೆರೆ.

“ಇಸ್ತ್ರಿ ಕೋಣೇಲಿ, ನಾವು ತಲೆಗೆ ಕಟ್ಟೋ ಬಟ್ಟೆ ಇಡೋ ಗೂಡಲ್ಲಿತ್ತು” ಎಂದಳು. “ಮೇಲ್ಗಡೆ, ಬೇರೆಯಾಗಿ.”

ಮೇಸ್ತ್ರಿ ನೋಡಿದ. ಎಸೆದಿದ್ದೆನಲ್ಲ, ಎಂದುಕೊಂಡ. ಆಗ ಆ ಗಳಿಗೆ ಅವನೊಳಗೆ ಬಿಚ್ಚಿಕೊಂಡಿತು: ಆರುತ್ತಿರುವ ಉರುಳೆ, ಹೊರಗೆ ದೂರವಾಗುತ್ತಿರುವ ನರಳಾಟ, ತನ್ನ ಮೈಯೆಲ್ಲ ನಡುಗುತ್ತಿರುವಾಗ ನಡುಗದೆ ತಮ್ಮಷ್ಟಕ್ಕೆ ಕೆಲಸ ಮಾಡುತ್ತಿರುವ ಎರಡು ಕೈ, ಒಳಗೆ ಓಡುತ್ತಿರುವ ಅಮ್ಮನ ಪದ. ಆ ಹಾಡಿನಿಂದ ಅವನು ತನ್ನ ಕಳ್ಳತನವನ್ನು ಮಡಿಸಿಟ್ಟಿದ್ದ.

“ಯಾರಿಗೆ ತೋರಿಸಿದೆ?”

“ಯಾರಿಗೆ ತೋರಿಸಲಿ? ರೇಡಿಯೋ ಕೈಲಿದ್ರೆ ಇದು ಬರೀ ಚಿಂದಿ.” ಅವಳು ಚೀಲವನ್ನು ಹೆಗಲಿಗೇರಿಸಿದಳು. “ನಿಮ್ಮನ್ನ ಹಿಡಿದುಕೊಡೋಕೆ ಬರಲಿಲ್ಲ ಮೇಸ್ತ್ರಿ. ಹೋದ ವರ್ಷ ನಿಮ್ಮ ಪಾಠ ಕೇಳಿಯೇ ನಾನು ಇಲ್ಲಿಗೆ ಬಂದೋಳು. ಹೆಂಗಸರ ಮಾತು ಯಾರೂ ನಂಬಲಿಲ್ಲ, ಆದ್ರೂ ಅದೇ ನಿಜ ಅಂತ ನೀವು ಮೊದಲನೇ ಸಲ ಹೇಳಿದ ದಿನ ನಾನು ಮನೆಗೆ ಹೋಗಿ ಅತ್ತುಬಿಟ್ಟಿದ್ದೆ. ಅದನ್ನ ನೀವು ನಂಬ್ತೀರೋ ಇಲ್ವೋ ಅಂತ ತಿಳ್ಕೊಳ್ಳೋಕೆ ಬಂದೆ, ಅಷ್ಟೆ.”

ಅವಳು ಹೋದಳು. ಅಷ್ಟು ಕಡಿಮೆ ಮಾತಾಡಿ ಅವಳು ಯಾವ ಕೋಣೆಯಿಂದಲೂ ಹೊರಗೆ ಹೋದದ್ದಿಲ್ಲ.

ಪಟ್ಟಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಮೇಸ್ತ್ರಿ ನೇರ ಆಸ್ಪತ್ರೆಗೆ ನಡೆದ. ಹೇಳಿಬಿಡುವುದು ಎಂದೇ ಹೊರಟದ್ದು. ಬಾಮೈದ ಮಲಗಿದ್ದ ಹಾಸುಬಟ್ಟೆ ಅವರದೇ ಲಾಂಡ್ರಿಯದು. ನೆಟ್ಟಗೆ, ಬೆಳ್ಳಗೆ, ಎಲ್ಲೂ ಬರೆ ಇರಲಿಲ್ಲ. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. ಮೇಸ್ತ್ರಿ ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡಿದ. ನೀರಿನ ಜಗ್ಗು, ಕಿಟಕಿಯ ಕೊಂಡಿ, ಪಕ್ಕದ ಮಂಚದವನ ಚಪ್ಪಲಿ.

“ನಾನೇ ಕಟ್ಟಿದೆನೇನೋ ಭಾವ” ಎಂದ ಬಾಮೈದ. “ಮ್ಯಾನೇಜರು ಬಂದಿದ್ರು. ಅಷ್ಟು ಸಲ ಕೇಳಿದ ಮೇಲೆ ನನಗೂ ಹಾಗೇ ಅನ್ನಿಸ್ತಿದೆ. ಆ ಬೆಳಿಗ್ಗೆ ಯೋಚನೆ ಮಾಡಿದ್ರೆ ತಲೆ ಗಿರ್ ಅನ್ನುತ್ತೆ, ಏನೂ ನೆನಪಿಗೆ ಬರಲ್ಲ. ನೀವೇನಾದ್ರೂ ನೋಡಿದ್ರಾ?”

ಜೇಬಿನೊಳಗಿನ ಬಟ್ಟೆ ಎದೆಗೆ ತಾಗುತ್ತಿತ್ತು.

“ನಾನು ಬಾಯ್ಲರ್ ಹತ್ರ ಇದ್ದೆ” ಎಂದ ಮೇಸ್ತ್ರಿ.

ಆ ಮಾತು ಹೊರಗೆ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಮ್ಯಾನೇಜರಿಗೆ ಹೇಳಿದ್ದೂ ಅದೇ, ಹೆಂಡತಿಗೆ ಹೇಳಿದ್ದೂ ಅದೇ. ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತವನ ಮಾತು. ಅವನು ಎದ್ದು ಕಾರಿಡಾರಿಗೆ ಬಂದು ಗೋಡೆಗೆ ಹಣೆ ಒತ್ತಿ ನಿಂತ. ಅಳು ಬರಲಿಲ್ಲ. ಆ ಮೀನುಗಾರನಿಗೆ ಅಳುವಾದರೂ ಬಂದಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ತನ್ನ ನಂಬಿಕೆಯನ್ನು ಕೆದಕಿದ. ಕ್ಷೌರಿಕನ ತಮಾಷೆ ನಿಜವೇ ಆಗಿತ್ತು: ಹೆದರಿದ ಕೈಯೂ ಬಟ್ಟೆ ಮಡಿಸಬಲ್ಲದು. ಅಮ್ಮ ಕೊಟ್ಟುಹೋದ ಒಂದು ಕಾರಣವನ್ನು ತಾನೇ ಕೆಡಿಸಿದ್ದ. ಆದರೆ ಕೆದಕುತ್ತಾ ಹೋದಂತೆ ಏನೋ ಗಟ್ಟಿಯಾದದ್ದು ಕೈಗೆ ತಾಗಿತು. ಬಟ್ಟೆ ಮಡಿಸುವ ಕೆಲಸವನ್ನು ಕೈಯ ಅಭ್ಯಾಸವೇ ಮಾಡಿಸುತ್ತದೆ. ತಪ್ಪಿಸಿಕೊಂಡವನು ತಾನಾಗಿ ಹಿಂದಕ್ಕೆ ಬಂದು ಕತ್ತು ಒಡ್ಡುವುದನ್ನು ಯಾವ ಅಭ್ಯಾಸ ಮಾಡಿಸುತ್ತದೆ? ತನ್ನಿಂದ ಅದು ಆಗದು ಎನ್ನುವುದು ಅವನಿಗೆ ಈಗ, ಈ ಕಾಲುದಾರಿಯ ಮೇಲೆ, ಚೆನ್ನಾಗಿ ಗೊತ್ತಾಗಿತ್ತು. ಮೂರು ಸಲ ಪ್ರಯತ್ನಿಸಿ ನೋಡಿಯಾಗಿತ್ತು. ಆ ಮೀನುಗಾರನಿಂದಲೂ ಆಗುತ್ತಿರಲಿಲ್ಲ. ಆದರೂ ಅವನು ಬಂದ. ಹಾಗಾದರೆ ಅವನನ್ನು ಎಬ್ಬಿಸಿದವರು ಯಾರೋ ಇರಬೇಕು, ಮತ್ತು ಆ ಯಾರೋ ಬದುಕಿರಬೇಕು. ಇಷ್ಟು ವರ್ಷ ಪಾಠ ಹೇಳಿದವನಿಗೆ ಅದು ಆವತ್ತು ಮೊದಲ ಸಲ ಅರ್ಥವಾಯಿತು. ಅರ್ಥವಾದ್ದರಿಂದ ನೆಮ್ಮದಿಯೇನೂ ಆಗಲಿಲ್ಲ. ಹೆದರಿಕೆ ಇನ್ನೂ ಹೆಚ್ಚಾಯಿತು.

ಸೋಮವಾರ ಮ್ಯಾನೇಜರ ಕೋಣೆಯಲ್ಲಿ ಅಧಿಕಾರಿ ಕೂತಿದ್ದರು. ನರೆತ ಕೂದಲಿನ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸು. ತಡೆಕೋಲು ನೋಡಿ ಬಂದಿದ್ದರು. ಅದರ ಮೇಲೆ ಬಟ್ಟೆ ಉಜ್ಜಿ ತುಕ್ಕು ಹೋದ ಒಂದು ಹೊಳಪಿನ ಗುರುತಿದೆ ಎಂದರು.

“ಆ ಹುಡುಗನ ಕೆಲಸ ಮೇಡಂ” ಎಂದರು ಮ್ಯಾನೇಜರು. “ಅವನೇ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದಾನೆ.”

“ಮೇಸ್ತ್ರಿ ನೀವಲ್ವಾ? ನೀವು ಹೇಳೋದು ಏನಾದ್ರೂ ಇದೆಯಾ?”

ಬಾಯಲ್ಲಿ ಬಾಯ್ಲರ್ ಎನ್ನುವ ಮಾತು ಸಿದ್ಧವಾಗಿ ಕೂತಿತ್ತು. ಮೇಸ್ತ್ರಿ ಒಳಜೇಬಿಗೆ ಕೈಹಾಕಿ ಬಟ್ಟೆಯನ್ನು ಮೇಜಿನ ಮೇಲಿಟ್ಟ.

“ಕಟ್ಟಿದ್ದು ನಾನು. ಬಿಚ್ಚಿದ್ದೂ ನಾನೇ. ಅವನಿಗೆ ಹೇಳದೆ ಹೋದೆ.”

ಮ್ಯಾನೇಜರು ಮೊದಲು ಸಾವರಿಸಿಕೊಂಡರು. “ಅವನು ಇವರ ಬಾಮೈದ ಮೇಡಂ. ಮನೆಯವರ ಒತ್ತಾಯ ಇರುತ್ತೆ. ಬಹಳ ಒಳ್ಳೆಯವರು, ದೈವಭಕ್ತರು, ಅದಕ್ಕೇ ಅವನ ತಪ್ಪನ್ನ ಮೈಮೇಲೆ ಎಳ್ಕೊಳ್ತಿದ್ದಾರೆ.”

ಅದು ಮೇಸ್ತ್ರಿ ಎಣಿಸದ ಹೊಡೆತ. ಸುಳ್ಳನ್ನು ತಕ್ಷಣ ನಂಬಿದವರು ನಿಜವನ್ನು ನಂಬಲು ತಯಾರಿರಲಿಲ್ಲ. ಅದೂ ಅವನನ್ನು ದೊಡ್ಡವನನ್ನಾಗಿ ಮಾಡಿ.

“ವಿಂಗಡಿಸೋ ಮೇಜಿನ ಹೆಂಗಸನ್ನ ಕರೆಸಿ ಕೇಳಿ” ಎಂದ. “ಅವನು ಬರೋ ಮೊದಲೇ ಕಟ್ಟಿದ್ದನ್ನ ಅವಳು ನೋಡಿದ್ದಾಳೆ. ಮೊದಲ ದಿನವೇ ಹೇಳಿದ್ದಾಳೆ. ನಾವು ನಕ್ಕುಬಿಟ್ವಿ. ನಾನೂ ನಕ್ಕೆ.”

ಅಧಿಕಾರಿ ಪಟ್ಟಿಯನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಗಂಟು ಬಿದ್ದಿದ್ದ ಸುಕ್ಕನ್ನೂ ತುಕ್ಕಿನ ಕಲೆಯನ್ನೂ ನೋಡಿ, ಅದನ್ನು ಮೇಜಿನ ಮೇಲೆ ಸಡಿಲವಾಗಿ ಬಿಟ್ಟು, “ಇದು ಎಲ್ಲಿ ಸಿಕ್ತು?” ಎಂದರು.

ಮೇಸ್ತ್ರಿ ಹೇಳತೊಡಗಿದ. ಉರುಳೆ, ಖಾಲಿ ಕೋಣೆ, ಗೂಡು. ಹೇಳಿ ಮುಗಿಸಿದಾಗ ಮ್ಯಾನೇಜರು ತನ್ನ ಮುಖ ನೋಡದೆ ಮೇಜನ್ನು ನೋಡುತ್ತಿರುವುದು ಕಂಡಿತು. ಅವನೂ ಕೆಳಗೆ ನೋಡಿದ. ಮಾತಾಡುತ್ತಿದ್ದಷ್ಟು ಹೊತ್ತೂ ಕೈ ಸುಮ್ಮನಿರಲಿಲ್ಲ. ಪಟ್ಟಿ ಮೂರಾಗಿ ಮಡಿಚಿಕೊಂಡು, ತುದಿ ಒಳಸೇರಿ, ಉಗುರಿನ ಗೆರೆ ಎಳೆಸಿಕೊಂಡು ಮೇಜಿನ ಮೇಲೆ ಕೂತಿತ್ತು. ಆ ಮಡಿಕೆ ಮ್ಯಾನೇಜರಿಗೂ ಗೊತ್ತು. ಅವರು ಕಿಟಕಿಯ ಕಡೆ ತಿರುಗಿದರು.

“ಆ ಹೆಂಗಸನ್ನ ಕರೀರಿ” ಎಂದರು ಅಧಿಕಾರಿ.

ರೇಡಿಯೋ ಬಂದಳು. ಅವಳು ತುಂಬ ಹೊತ್ತು ಮಾತಾಡಿದಳು, ಗಾಡಿಯ ಚಕ್ರ ಕಿರುಗುಟ್ಟಿದ್ದರಿಂದ ಹಿಡಿದು. ಯಾರೂ ತಡೆಯಲಿಲ್ಲ.

ಸಂಜೆಯ ಹೊತ್ತಿಗೆ ಅವನು ಮೇಸ್ತ್ರಿಯಾಗಿ ಉಳಿದಿರಲಿಲ್ಲ. ಮುಂದಿನ ಮಾತು ಮುಂದೆ ಎಂದು ಮನೆಗೆ ಕಳಿಸಿದ್ದರು. ಹೆಂಡತಿಗೆ ಅಂಗಳದಲ್ಲೇ ಹೇಳಿದ. ಅವಳು ಚಪ್ಪಲಿ ಮೆಟ್ಟಿ ಅವನಿಗಿಂತ ಮುಂದೆ ಆಸ್ಪತ್ರೆಗೆ ನಡೆದಳು, ದಾರಿಯಲ್ಲಿ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ವಾರ್ಡಿನ ಬಾಗಿಲಲ್ಲಿ ಮಾತ್ರ ನಿಂತು, “ನೀವೇ ಹೇಳಿ” ಎಂದಳು.

ಅವನು ಹೇಳಿದ. ಬಾಮೈದ ಚಾವಣಿ ನೋಡುತ್ತಾ ಕೇಳಿದ.

“ನಾನಲ್ವಾ ಹಾಗಾದ್ರೆ?”

“ನೀನಲ್ಲ.”

“ನಿನ್ನೆ ಕೇಳಿದೆನಲ್ಲ ಭಾವ. ನೀವೇನಾದ್ರೂ ನೋಡಿದ್ರಾ ಅಂತ ಕೇಳಿದೆ.”

“ಹೌದು, ನೀನು ಕೇಳಿದೆ.”

ಬಾಮೈದನ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಬಲಗೈ ಎತ್ತಿದವನು ನಡುವೆ ನಿಲ್ಲಿಸಿದ.

“ನಾನು ಇದಕ್ಕೆ ಬೈತಿದ್ದೆ” ಎಂದ. “ಇಷ್ಟು ದಿನವೂ ಈ ಕೈಗೇ ಬೈತಿದ್ದೆ. ನಿನ್ನಿಂದಲೇ ಎಲ್ಲ ಹಾಳಾಯ್ತು ಅಂತ.”

ಅವನು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಿದ್ದನೋ ಇಲ್ಲವೋ. ಬ್ಯಾಂಡೇಜಿನ ಕೈಯನ್ನು ಹಾಗೇ ಮುಂದಕ್ಕೆ ಚಾಚಿ, ಮೇಸ್ತ್ರಿಯ ಮುಖದ ಹತ್ತಿರ ಹಿಡಿದ.

“ನೋಡಿ ಭಾವ. ನೀವು ಇದನ್ನ ಒಂದು ಸಲವೂ ನೋಡಿಲ್ಲ.”

ಮೇಸ್ತ್ರಿ ಮಂಚದ ಪಕ್ಕ ಮೊಣಕಾಲೂರಿದ. ಎರಡೂ ಕೈಗಳನ್ನು ಆ ಕೈಯ ಕೆಳಗೆ ಹಿಡಿದು, ನೋಡಿದ.